ದಿನಕ್ಕೆ ನಾಲ್ಕೈದು ಸಲ ವೈಫೈ ಹೋಗಿ ಬರ್ತದೆ, ಹೊಸ ರೌಟರ್ ತಗೊಳ್ಳಲೇಬೇಕಾ?

ಅಡಿಕೆತೋಟ:

ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿರಸಿ ಪೇಟೆಯಿಂದ ಸುಮಾರು ಒಳಗೆ, ಫೈಬರ್ ಬಂದು ಎರಡು ವರ್ಷ ಆಯ್ತು, ಅದು ಬಂತು ಅಂತಲೇ ನಾನು ಬೆಂಗಳೂರಿನ ರೂಮ್ ಖಾಲಿ ಮಾಡಿ ಊರಿಗೆ ಬಂದು ಮನೆಯಿಂದ ಕೆಲಸ ಮಾಡ್ತಾ ಇರೋದು. ಮೊದಲೆಲ್ಲ ಏನೂ ತೊಂದರೆ ಇರಲಿಲ್ಲ. ಈಗ ಮೂರು ತಿಂಗಳಿಂದ ದಿನಕ್ಕೆ ನಾಲ್ಕೈದು ಸಲ ಕಟ್ ಆಗ್ತದೆ, ಎರಡು ಮೂರು ನಿಮಿಷ ಬಿಟ್ಟು ತನ್ನಷ್ಟಕ್ಕೇ ಬರ್ತದೆ, ಅದೂ ಸರಿಯಾಗಿ ಮೀಟಿಂಗಲ್ಲಿ ನಾನು ಮಾತಾಡ್ತಾ ಇರುವಾಗಲೇ. ಕಂಪ್ಲೇಂಟ್ ಕೊಟ್ಟು ಕೊಟ್ಟು ಸಾಕಾಯ್ತು, ಹುಡುಗ ಮೂರು ಸಲ ಬಂದು ನೋಡಿದ, ಬಂದಾಗೆಲ್ಲ ಚೆನ್ನಾಗೇ ಓಡ್ತಿರ್ತದೆ, ರೀಸ್ಟಾರ್ಟ್ ಮಾಡಿ ಹೋಗ್ತಾನೆ. ಇನ್ನೊಂದು, ನಮ್ಮದು ಹಳೇ ಮನೆ, ಕೆಂಪುಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ಕಂಪನಿಯವರು ಫೈಬರ್ ಸಿಕ್ಕಿಸಿ ಕೊಟ್ಟ ವೈಫೈ ಡಬ್ಬ ಜಗಲಿಯಲ್ಲಿದೆ, ಅಡುಗೆಮನೆಗೆ ಸಿಗ್ನಲ್ ಬರೋದೇ ಇಲ್ಲ, ಅಕ್ಕ ವಿಡಿಯೋ ಕಾಲ್ ಮಾಡಿದ್ರೆ ಅಮ್ಮ ಒಲೆ ಮೇಲೆ ಇಟ್ಟದ್ದನ್ನು ಬಿಟ್ಟು ಜಗಲಿಗೆ ಓಡಿ ಬರ್ಬೇಕು. ಮೂರು ಸಾವಿರದೊಳಗೆ ಒಳ್ಳೆ ರೌಟರ್ ಯಾವುದು ಅಂತ ಹೇಳಿ, ಕೆಲಸ ಉಳಿಸ್ಕೊಳ್ಬೇಕು ನಂಗೆ.

ತಂತಿಜಾಲ:

ದುಡ್ಡು ಖರ್ಚು ಮಾಡೋಕೆ ಮುಂಚೆ ತಪ್ಪು ಎಲ್ಲಿದೆ ಅಂತ ಗೊತ್ತಾಗಬೇಕು. "ನೆಟ್ ಹೋಯ್ತು" ಅನ್ನೋದರಲ್ಲೇ ಮೂರ್ನಾಲ್ಕು ಬೇರೆ ಬೇರೆ ಕಾಯಿಲೆ ಇರುತ್ತೆ: ಹೊರಗಿನ ಲೈನ್, ಡಬ್ಬ, ಡಬ್ಬಕ್ಕೆ ಬರೋ ಕರೆಂಟು, ಡಬ್ಬದಿಂದ ನಿಮ್ಮ ಲ್ಯಾಪ್‌ಟಾಪ್ ತನಕ ಇರೋ ಗಾಳಿ. ಮುಂದಿನ ಸಲ ಕಟ್ ಆದ ತಕ್ಷಣ ಫೋನಲ್ಲಿ ವೈಫೈ ಲಿಸ್ಟ್ ತೆಗೆದು ನೋಡಿ. ನಿಮ್ಮನೆ ವೈಫೈ ಹೆಸರು ಅಲ್ಲೇ ಇದ್ದು ಇಂಟರ್ನೆಟ್ ಇಲ್ಲ ಅಂತ ತೋರಿಸ್ತಿದ್ರೆ ಬಹುತೇಕ ಲೈನ್ ಕಡೆ ತೊಂದರೆ. ಹೆಸರೇ ಮಾಯ ಆಗಿದ್ರೆ ಡಬ್ಬಾನೇ ಆಫ್ ಆಗಿ ಆನ್ ಆಗ್ತಿರಬಹುದು. ಹಾಗೇ ಬ್ರೌಸರಲ್ಲಿ 192.168.1.1 ಹಾಕಿ ಒಳಗೆ ಹೋಗಿ (ಅಡ್ರೆಸ್ಸು, ಪಾಸ್‌ವರ್ಡು ಡಬ್ಬದ ತಳದ ಸ್ಟಿಕ್ಕರಲ್ಲಿ ಇರುತ್ತೆ, ಕೆಲವಕ್ಕೆ ಅಡ್ರೆಸ್ ಬೇರೆ), ಡಿವೈಸ್ ಇನ್ಫರ್ಮೇಷನ್ ಪುಟದಲ್ಲಿ ಅಪ್‌ಟೈಮ್ ಎಷ್ಟು ತೋರಿಸ್ತಿದೆ ನೋಡಿ ಹೇಳಿ. ಕೊನೇ ಸಲ ಶುರುವಾದಾಗಿಂದ ಎಷ್ಟು ಹೊತ್ತಾಗಿದೆ ಅಂತ ಅದರ ಲೆಕ್ಕ. ನಾವು ಊಹೆ ಮಾಡೋ ಕೆಲಸಾನೇ ಇರಲ್ಲ.

ಧಾರವಾಡದಾಂವ:

ನಾ ಕೇಬಲ್ ಕೆಲಸಾ ಮಾಡಾಂವ, ನನ್ನ ಅನುಭವ ಹೇಳ್ತೀನಿ ನೋಡ್ರಿ. ಎಲ್‌ಓಎಸ್ ಅಂತ ಬರ್ದಿರೋ ಲೈಟು ಕೆಂಪಗ ಮಿಣುಕ್ತಿದ್ರ ಫೈಬರಿನ್ಯಾಗ ಬೆಳಕು ಬರವಲ್ದು ಅಂತ ಅರ್ಥ, ಆವಾಗ ರೌಟರ್ ಬದಲಿ ಮಾಡಿದ್ರ ಏನೂ ಆಗಂಗಿಲ್ಲ. ಅದ ಪುಟದಾಗ ಆಪ್ಟಿಕಲ್ ಪವರ್ ಅಂತ ಇರ್ತೈತಿ, ಆರ್‌ಎಕ್ಸ್ (ಡಬ್ಬಕ್ಕ ಬರೋ ಬೆಳಕಿನ ಬಲ) ಅನ್ನೋ ಕಡೆ ಮೈನಸ್ 20ರ ಆಸುಪಾಸು ಇದ್ರ ಛಲೋ, ಮೈನಸ್ 27, 28 ಕಡೆ ಹೊಂಟಿದ್ರ ಕಟ್ ಆಗೂದು ಖರೇನ. ನಿಮ್ಮ ಕಡೆ ಅಳಿಲು ಹಲ್ಲು ಹಾಕ್ತಾವ, ಅಡಿಕಿ ಮರದ ಹೆಡೆ ಬಿದ್ದು ಎಳೀತಾವ, ಮನಿ ಒಳಗ ಕಿಡಕಿ ಮೂಲ್ಯಾಗ ವೈರ್ ಮಡಚಿ ಮೊಳಿ ಹೊಡದಿರ್ತಾರ. ಆ ಹಳದಿ ವೈರು ಬಳೆಕಿಂತ ಸಣ್ಣದಾಗಿ ಸುತ್ತಬಾರ್ದು, ಒಳಗಿಂದು ಗಾಜು. ಮತ್ತ ಬಿಚ್ಚಿದ ಫೈಬರ್ ತುದಿ ಕಣ್ಣಿಗೆ ಹಿಡಕೊಂಡು ನೋಡಬ್ಯಾಡ್ರಿ, ಬೆಳಕು ಕಣ್ಣಿಗೆ ಕಾಣಂಗಿಲ್ಲ, ಅಂದ್ರ ಇಲ್ಲ ಅಂತಲ್ಲ.

ಮಹಡಿಮನೆ:

ಇಷ್ಟೆಲ್ಲ ಯಾಕೆ, ಹೊಸ ವೈಫೈ 6 ರೌಟರ್ ತಗೊಳಿ ಸಾರ್, ನಾಲ್ಕು ಆಂಟೆನಾ ಇರೋದು. ನಾನು ತಗೊಂಡೆ, ಇಡೀ ಮನೆಗೆ ಸೂಪರ್ ಸ್ಪೀಡ್.

ತಂತಿಜಾಲ:

ಮಹಡಿಮನೆ ಅವರೇ, ನಿಮ್ಮನೆ ಗೋಡೆ ಅರ್ಧ ಅಡಿ ಇಟ್ಟಿಗೆ ಇರಬೇಕು, ಅವರದ್ದು ಒಂದೂವರೆ ಅಡಿ ಕೆಂಪುಕಲ್ಲು, ಮಳೆಗಾಲದಲ್ಲಿ ನೀರು ಕುಡಿದಿರುತ್ತೆ ಬೇರೆ. ಅದರಲ್ಲಿ ವೈಫೈಯ 5 ಗಿಗಾಹರ್ಟ್ಸ್ ಬ್ಯಾಂಡ್ ಎರಡು ಗೋಡೆ ದಾಟೋದು ಕಷ್ಟ, ಆಂಟೆನಾ ಎಷ್ಟಿದ್ರೂ. 2.4 ಗಿಗಾಹರ್ಟ್ಸ್ ಬ್ಯಾಂಡ್ ಸ್ವಲ್ಪ ದೂರ ಹೋಗುತ್ತೆ, ಸ್ಪೀಡ್ ಕಮ್ಮಿ. ಮೇಲಾಗಿ ಅವರ ಫೈಬರ್ ಸೀದಾ ಕಂಪನಿ ಡಬ್ಬಕ್ಕೇ ಸಿಕ್ಕಿಸಿರೋದು, ಹೊಸದು ತಂದ್ರೂ ಅದರ ಹಿಂದೇನೇ ಕೂರಬೇಕು. ಮುಂದಿನದು ಬಿದ್ರೆ ಹಿಂದಿನದೂ ಬೀಳುತ್ತೆ.

ಅಡಿಕೆತೋಟ:

ತುಂಬ ಥ್ಯಾಂಕ್ಸ್ ಎಲ್ಲರಿಗೂ. ಇವತ್ತು ಮಧ್ಯಾಹ್ನ ಕಟ್ ಆದಾಗ ಜಗಲಿಗೆ ಹೋಗಿ ಡಬ್ಬದ ಎದುರೇ ನಿಂತೆ. ವೈಫೈ ಹೆಸರು ಲಿಸ್ಟಲ್ಲಿ ಇರಲೇ ಇಲ್ಲ. ಲೈಟುಗಳು ಎಲ್ಲಾ ಒಟ್ಟಿಗೆ ಹೊತ್ಕೊಂಡು, ಮತ್ತೆ ಪವರ್ ಒಂದೇ ಉಳಿದು, ಆಮೇಲೆ ಪಿಒಎನ್ (ಫೈಬರ್ ಲೈನಿನ ಲೈಟು) ಮಿಣುಕಿ ಮಿಣುಕಿ ನಿಂತು, ಕೊನೆಗೆ ವೈಫೈದು ಬಂತು. ಬಂದ ಮೇಲೆ ಅಪ್‌ಟೈಮ್ ನೋಡಿದ್ರೆ ಬರೀ ಎರಡು ನಿಮಿಷ. ಆರ್‌ಎಕ್ಸ್ ಮೈನಸ್ 21.4. ಕರೆಂಟ್ ಹೋಗಿರಲಿಲ್ಲ, ಫ್ಯಾನ್ ತಿರುಗ್ತಾ ಇತ್ತು, ಇನ್ವರ್ಟರ್‌ಗೆ ಬದಲಾಗಿದ್ದೂ ಅಲ್ಲ.

ತಂತಿಜಾಲ:

ಹಾಗಾದ್ರೆ ಲೈನ್ ಚೆನ್ನಾಗಿದೆ, ಡಬ್ಬ ರೀಬೂಟ್ ಆಗ್ತಿದೆ. ಒಂದೋ ಬಿಸಿ, ಇಲ್ಲಾಂದ್ರೆ ಅಡಾಪ್ಟರ್. ಡಬ್ಬದ ತಳದಲ್ಲಿ ಎಷ್ಟು ವೋಲ್ಟ್ ಎಷ್ಟು ಆಂಪಿಯರ್ ಬೇಕು ಅಂತ ಬರೆದಿರುತ್ತೆ, ಅಡಾಪ್ಟರ್ ಮೇಲೆ ಎಷ್ಟು ಕೊಡುತ್ತೆ ಅಂತ ಬರೆದಿರುತ್ತೆ. ಎರಡೂ ಓದಿ. ಮೂರು ತಿಂಗಳ ಹಿಂದೆ ಏನಾದ್ರೂ ಬದಲಾಯ್ತಾ, ಅದನ್ನೂ ನೆನಪು ಮಾಡ್ಕೊಳಿ.

ಅಡಿಕೆತೋಟ:

ನೀವು ಕೇಳಿದ್ಮೇಲೆ ನೆನಪಾಯ್ತು! ಮೇ ತಿಂಗಳಲ್ಲಿ ಗುಡುಗು ಬಂದಾಗ ಮೊದಲಿನ ಅಡಾಪ್ಟರ್ ಸುಟ್ಟಿತ್ತು, ಆ ಹುಡುಗನೇ ಬ್ಯಾಗಲ್ಲಿದ್ದ ಇನ್ನೊಂದು ಹಾಕಿ ಕೊಟ್ಟಿದ್ದ. ಈಗ ಟಾರ್ಚ್ ಹಿಡಿದು ಓದಿದೆ. ಡಬ್ಬದ ತಳದಲ್ಲಿ 12 ವೋಲ್ಟ್ 1.5 ಆಂಪಿಯರ್ ಅಂತಿದೆ, ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪಿಯರ್. ಮುಟ್ಟಿದ್ರೆ ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ.

ತಂತಿಜಾಲ:

ಸಿಕ್ಕಿತು ಅನ್ನಿಸುತ್ತೆ. ಸುಮ್ಮನೆ ಇರುವಾಗ ಡಬ್ಬಕ್ಕೆ ಅರ್ಧ ಆಂಪಿಯರ್ ಕೂಡ ಬೇಕಾಗಲ್ಲ, ಅದಕ್ಕೇ ಹುಡುಗ ಬಂದಾಗ ಚೆನ್ನಾಗಿ ಓಡುತ್ತೆ. ನೀವು ವಿಡಿಯೋ ಕಾಲಲ್ಲಿದ್ದು, ಇನ್ನೆರಡು ಫೋನೂ ಕೆಲಸ ಮಾಡ್ತಾ, ಎರಡೂ ಬ್ಯಾಂಡ್ ಜೋರಾಗಿ ಓಡುವಾಗ ಎಳೆತ ಜಾಸ್ತಿ ಆಗಿ ವೋಲ್ಟೇಜ್ ಕುಸಿಯುತ್ತೆ, ಡಬ್ಬ ರೀಬೂಟ್ ಆಗುತ್ತೆ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ತನ್ನಿ. ವೋಲ್ಟ್ ಮಾತ್ರ ಅಷ್ಟೇ ಇರಬೇಕು, ಆಂಪಿಯರ್ ಹೆಚ್ಚಿದ್ರೆ ಏನೂ ಆಗಲ್ಲ, ಡಬ್ಬ ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ. ಪಿನ್ ಸೈಜು, ಮಧ್ಯದಲ್ಲಿ ಪ್ಲಸ್ ಇರೋ ಗುರುತು, ಎರಡೂ ಹೊಂದಬೇಕು, ಹಳೇದನ್ನು ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ.

ಅಡಿಕೆತೋಟ:

ಒಂಬತ್ತು ದಿನ ಆಯ್ತು, ಅದಕ್ಕೇ ಬರೀತಾ ಇದ್ದೇನೆ. ಶಿರಸಿಯಲ್ಲಿ 280 ರೂಪಾಯಿಗೆ ಸಿಕ್ತು. ಹಾಕಿದ ದಿನದಿಂದ ಒಂದು ಸಲವೂ ಕಟ್ ಆಗಿಲ್ಲ, ಇವತ್ತು ಬೆಳಿಗ್ಗೆ ಅಪ್‌ಟೈಮ್ 9 ದಿನ 2 ಗಂಟೆ. ಮೊನ್ನೆ ಎರಡು ಗಂಟೆಯ ಮೀಟಿಂಗ್ ಪೂರ್ತಿ ಮುಗಿಸಿದೆ. ನಿಮಗೆಲ್ಲ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಈಗ ಅಮ್ಮನ ಅಡುಗೆಮನೆ ಒಂದು ಉಳೀತು. ಬೆಂಗಳೂರಿಂದ ತಂದ ಹಳೇ ರೌಟರ್ ಅಟ್ಟದಲ್ಲಿದೆ, ಅದನ್ನು ಉಪಯೋಗಿಸ್ಲಿಕ್ಕೆ ಬರ್ತದಾ? ಹಾಗೇ ಅಲ್ಲಿಂದ ಹೊರಗಿನ ಕೊಟ್ಟಿಗೆಗೂ ವೈರ್ ಎಳೀಬಹುದಾ, ಕ್ಯಾಮೆರಾ ಇಡ್ಬೇಕು ಅಂತಿದೆ.

ತಂತಿಜಾಲ:

ಖಂಡಿತ ಬರುತ್ತೆ. ಮೊದಲು ಹಳೇ ರೌಟರನ್ನ ಲ್ಯಾಪ್‌ಟಾಪಿಗೆ ಸೇರಿಸಿ ಅದರ ಅಡ್ರೆಸ್ 192.168.1.2 ಮಾಡಿ, ಡಿಎಚ್‌ಸಿಪಿ (ಫೋನುಗಳಿಗೆ ಅಡ್ರೆಸ್ ಹಂಚೋ ಕೆಲಸ) ಆಫ್ ಮಾಡಿ. ಇಲ್ಲಾಂದ್ರೆ ಮನೇಲಿ ಇಬ್ಬರು ಯಜಮಾನರಾಗಿ ಫೋನುಗಳಿಗೆ ತಪ್ಪು ಅಡ್ರೆಸ್ ಹಂಚ್ತಾರೆ. ಆಮೇಲೆ ಜಗಲಿಯಿಂದ ಅಡುಗೆಮನೆಗೆ ಕ್ಯಾಟ್ 6 ಲ್ಯಾನ್ ವೈರ್ ಎಳೆದು ಹಳೇದರ ಲ್ಯಾನ್ ತೂತಿಗೆ ಹಾಕಿ, ವ್ಯಾನ್ (ಹೊರಗಿನ ಇಂಟರ್ನೆಟ್ ಬರೋ) ತೂತಿಗೆ ಬೇಡ. ನೂರು ಮೀಟರ್ ತನಕ ತೊಂದರೆ ಇಲ್ಲ. ವೈಫೈ ಹೆಸರು ಪಾಸ್‌ವರ್ಡ್ ಎರಡರಲ್ಲೂ ಒಂದೇ ಇಡಿ, 2.4 ಬ್ಯಾಂಡಿನ ಚಾನೆಲ್ ಮಾತ್ರ ಒಂದಕ್ಕೆ 1, ಇನ್ನೊಂದಕ್ಕೆ 11 ಕೊಡಿ, ಒಂದಕ್ಕೊಂದು ಅಡ್ಡ ಬರಲ್ಲ.

ಧಾರವಾಡದಾಂವ:

ಕೊಟ್ಟಿಗಿಗೆ ಮಾತ್ರ ತಾಮ್ರದ ಲ್ಯಾನ್ ವೈರು ಬಯಲಾಗ ಎಳೀಬ್ಯಾಡ್ರಿ. ಮಲೆನಾಡಿನ ಸಿಡ್ಲು, ಹತ್ರ ಎಲ್ಲೋ ಬಡದ್ರೂ ಆ ವೈರ್ ಹಿಡ್ಕೊಂಡು ಮನಿಯೊಳಗ ಬಂದು ಎಲ್ಲಾ ಪೋರ್ಟ್ ಸುಟ್ಟ ಹಾಕ್ತೈತಿ. ಅಲ್ಲಿಗೆ ಉಕ್ಕಿನ ತಂತಿ ಇಲ್ಲದ ಫೈಬರ್ ಎಳದು ಎರಡೂ ಕಡೆ ಮೀಡಿಯಾ ಕನ್ವರ್ಟರ್ (ಫೈಬರಿನ್ಯಾಗಿನ ಬೆಳಕನ್ನ ಲ್ಯಾನ್ ವೈರಿಗೆ ಬದಲಿ ಮಾಡೋ ಸಣ್ಣ ಡಬ್ಬಿ) ಹಾಕ್ರಿ. ಮತ್ತ ಗುಡುಗು ಶುರುವಾತು ಅಂದ್ರ ಅಡಾಪ್ಟರ್ ಪ್ಲಗ್ ಕಿತ್ತಿಡ್ರಿ, ಸ್ವಿಚ್ ಆಫ್ ಮಾಡಿದ್ರ ಸಾಲಂಗಿಲ್ಲ.

ಅಡಿಕೆತೋಟ:

ಸರಿ, ಕೊಟ್ಟಿಗೆದು ದೀಪಾವಳಿ ಕಳೀಲಿ, ಮಳೆ ಸಿಡಿಲು ಎಲ್ಲಾ ನಿಂತ ಮೇಲೆ ನೋಡ್ತೇನೆ. ಅಡುಗೆಮನೆದು ಈ ಭಾನುವಾರವೇ. ಅಟ್ಟದಲ್ಲಿ ಇಲಿ ಕಾಟ ಇದೆ, ವೈರನ್ನು ಪಿವಿಸಿ ಪೈಪ್ ಒಳಗೆ ಹಾಕಿಯೇ ಎಳೀತೇನೆ.