‘ಡೆಲ್.’ ಅಂದರೆ ಬರೆದನೋ, ಬರೆದಳೋ, ಬರೆದರೋ?

ಗೆಳೆಯರೇ,

ಒಂದು ಸಣ್ಣ ಅನುವಾದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅಮೆರಿಕದ ಹಳೆಯ ಕಲ್ಲಚ್ಚಿನ (ಲಿಥೋಗ್ರಫಿಯ) ಚಿತ್ರಗಳ ಬಗ್ಗೆ ಲೇಖನ. ಚಿತ್ರದ ಕೆಳ ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಎಫ್. ಎಫ್. ಪಾಮರ್, ಡೆಲ್.’ ಎಂದಿರುತ್ತದೆ. ಡೆಲ್. ಅನ್ನುವುದು ಲ್ಯಾಟಿನ್ನಿನ ‘ಡೆಲಿನಿಯಾವಿಟ್’ನ ಮೊಟಕು. ಚಿತ್ರ ಯಾರ ಕೈಯದು ಎಂದು ಹೇಳುವ ಮಾತು. ನಾನು ಹಿಂದೆಮುಂದೆ ನೋಡದೆ ‘ಪಾಮರ್ ಬರೆದನು’ ಎಂದು ಹಾಕಿಬಿಟ್ಟೆ. ಎರಡು ಪುಟ ಮುಗಿದ ಮೇಲೆ ಗೊತ್ತಾಯಿತು, ಎಫ್. ಎಫ್. ಅಂದರೆ ಫ್ರಾನ್ಸಿಸ್ ಫ್ಲೋರಾ. ಫ್ಯಾನಿ ಪಾಮರ್.

ಈಕೆ 1812ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಹುಟ್ಟಿದವರು. ಅಲ್ಲೇ ಗಂಡನ ಜೊತೆ ಕಲ್ಲಚ್ಚಿನ ಕೆಲಸ ನಡೆಸಿ, 1840ರ ದಶಕದಲ್ಲಿ ನ್ಯೂಯಾರ್ಕಿಗೆ ಹೋದರು. ಮುಂದೆ ಅಲ್ಲಿನ ಕರಿಯರ್ ಅಂಡ್ ಐವ್ಸ್ ಎಂಬ ಚಿತ್ರ ಅಚ್ಚು ಹಾಕುವ ಕಂಪನಿಗೆ ಸುಮಾರು 200 ಚಿತ್ರ ಮಾಡಿಕೊಟ್ಟರು. ಮಿಸಿಸಿಪ್ಪಿಯ ಉಗಿದೋಣಿ, ಬಯಲು ಸೀಳಿಕೊಂಡು ಹೋಗುವ ರೈಲು, ಹಳ್ಳಿ ಮನೆ, ಹಿಮ. ಅಗ್ಗದ ಬೆಲೆಗೆ ಮನೆಮನೆಯ ಗೋಡೆಗೆ ಏರಿದ ಚಿತ್ರಗಳು ಇವು. ಸಂಸಾರ ನಡೆದದ್ದೂ ಇವರ ದುಡಿಮೆಯ ಮೇಲೇ. 1876ರಲ್ಲಿ ತೀರಿಕೊಂಡರು. ಕಂಪನಿಯ ಹೆಸರು ಉಳಿಯಿತು, ಇವರದು ಆ ಎರಡು ‘ಎಫ್’ಗಳ ಹಿಂದೆ ಕೂತುಬಿಟ್ಟಿತು.

ಈಗ ನನ್ನ ತೊಡಕು. ‘ಡೆಲಿನಿಯಾವಿಟ್’ಗೆ ಗಂಡು ಹೆಣ್ಣಿನ ಗೊಡವೆ ಇಲ್ಲ. ಕನ್ನಡದ ಕ್ರಿಯಾಪದ ಸುಮ್ನೆ ಬಿಡುವುದಿಲ್ಲ. ‘ಬರೆದಳು’ ಅಂದರೆ ಯಾಕೋ ಏಕವಚನ ಚುಚ್ಚುತ್ತದೆ. ‘ಬರೆದರು’ ಅಂದರೆ ಮರ್ಯಾದೆ ಸಿಕ್ಕಿತು, ಆದರೆ ಹೆಣ್ಣು ಮತ್ತೆ ಮರೆಯಾದಳು. ‘ಪಾಮರ್ ಬರೆದ ಚಿತ್ರ’ ಅಂದರೂ ಅದೇ ಕಥೆ. ಸದ್ಯಕ್ಕೆ ‘ಬರೆದಾಕೆ: ಎಫ್. ಎಫ್. ಪಾಮರ್’ ಎಂದು ಹಾಕಿದ್ದೇನೆ. ‘ಆಕೆ’ಯಲ್ಲಿ ಹೆಣ್ಣೂ ಉಂಟು, ಗೌರವವೂ ಉಂಟು. ಆದರೆ ಮೂಲದ ಅಂಚು ಹೇಳದ್ದನ್ನು ನಾನು ಹೇಳಿದ ಹಾಗಾಯಿತು, ಅಲ್ವಾ? (ಇನ್ನು ‘ಪಾಮರ್’ ಅನ್ನುವುದನ್ನು ಕಂಡು ಪಂಡಿತ-ಪಾಮರರ ಜೋಡಿ ನೆನಪಾದರೆ ಆ ತಪ್ಪು ನನ್ನದಲ್ಲ.)

ಎರಡನೆಯ ತೊಡಕು ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ಇವರನ್ನು ಏನೆಂದು ಕರೆಯಲಿ? ಒಬ್ಬ ಸ್ನೇಹಿತರು ‘ಕೆತ್ತನೆಗಾರ್ತಿ’ ಅಂದರು. ನನಗೆ ಒಪ್ಪಿಗೆ ಆಗಲಿಲ್ಲ. ಮರದಚ್ಚು, ತಾಮ್ರದ ತಗಡು ಆದರೆ ಕೊರೆಯಬೇಕು. ಕಲ್ಲಚ್ಚಿನಲ್ಲಿ ಕೊರೆಯುವ ಕೆಲಸ ಇಲ್ಲ. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ, ಎಡಬಲ ತಿರುಗಿಸಿ. ಆಮೇಲೆ ಗೋಂದು, ಚೂರು ಆಸಿಡ್ಡು. ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಎಳೆದರೆ, ಜಿಡ್ಡಿದ್ದ ಕಡೆ ಶಾಯಿ ಹತ್ತುತ್ತದೆ, ನೀರಿದ್ದ ಕಡೆ ಹತ್ತುವುದಿಲ್ಲ. ಕಲ್ಲು ಹೆಚ್ಚುಕಮ್ಮಿ ಚಪ್ಪಟೆಯಾಗೇ ಇರುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಹಳ್ಳ ಇಲ್ಲ, ಅಚ್ಚುಮೊಳೆಯ ಹಾಗೆ ಉಬ್ಬೂ ಇಲ್ಲ. ಆ ಲೆಕ್ಕಕ್ಕೆ ‘ಅಚ್ಚು’ ಅನ್ನುವುದೇ ಸ್ವಲ್ಪ ಸಡಿಲ ಪದ. ಆದರೆ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲೇ ಬಂದದ್ದು. ಅಷ್ಟು ಹಳೆಯ ನಂಟಿರುವ ಪದವನ್ನು ನಾನಂತೂ ಬಿಡುವವನಲ್ಲ.

ಹಾಗಾಗಿ ಇಂಥ ಚಿತ್ರಗಳ ಅಂಚಿನಲ್ಲಿ ಬರುವ ಮೊಟಕು ಪದಗಳಿಗೆ ಹೀಗೆ ಯೋಚಿಸಿದ್ದೇನೆ. ‘ಡೆಲ್.’ಗೆ ಬರೆದದ್ದು, ‘ಸ್ಕಲ್ಪ್.’ಗೆ ಕೊರೆದದ್ದು, ‘ಲಿಥ್.’ಗೆ ಕಲ್ಲಿಗಿಳಿಸಿದ್ದು. ಕೊನೆಯದು ನನಗೆ ಇಷ್ಟವಾಗಿದೆ. ಒಬ್ಬರ ಸ್ಕೆಚ್ಚನ್ನು ಇನ್ನೊಬ್ಬರು ಕಲ್ಲಿನ ಮೇಲೆ ತಂದಾಗ ‘ಇಳಿಸು’ ಸರಿಯಾಗಿ ಕೂರುತ್ತದೆ. ಫ್ಯಾನಿ ಬರೆಯುವುದು, ಕಲ್ಲಿಗಿಳಿಸುವುದು ಎರಡೂ ಮಾಡಿದವರು. ಅವರಿಗೆ ‘ಕಲ್ಲಚ್ಚುಗಾರ್ತಿ’ ಅಂದರೆ ಯಂತ್ರ ತಿರುಗಿಸಿದವರು ಅನ್ನಿಸುತ್ತದಾ? ‘ಕಲ್ಲಚ್ಚಿನ ಚಿತ್ರಗಾರ್ತಿ’ ಉದ್ದವಾಯಿತಾ?

ನಿಮ್ಮ ಕಡೆ ಹಳೆಯ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು ಇದ್ದರೆ, ಕಲ್ಲಿನ ಮೇಲೆ ಬರೆಯುತ್ತಿದ್ದವರನ್ನು ಏನೆಂದು ಕರೆಯುತ್ತಿದ್ದರು ಎಂದು ದಯವಿಟ್ಟು ಕೇಳಿ ತಿಳಿಸಿ. ಕರಡು ನಾಡಿದ್ದು ಕೊಡಬೇಕು.