ಅಪ್ಪನ ಮಳೆ ಲೆಕ್ಕ ಹೇಳುವ ಚಾಟ್‌ಬಾಟ್: ಎರಡನೇ ಮಾತಿಗೇ ಮೊದಲನೆಯದು ಮರೆತುಹೋಗುತ್ತದೆ

ಭಾಗಮಂಡಲ_ಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಭಾಗಮಂಡಲದ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪನಿಗೆ ಎಪ್ಪತ್ತೊಂದು. 1994ರಿಂದ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಇಲ್ಲಿ ಮಿಲಿಮೀಟರ್ ಯಾರೂ ಹೇಳುವುದಿಲ್ಲ, ಇಂಚು ಮತ್ತು ಸೆಂಟ್ಸ್ ಲೆಕ್ಕ. ನೂರು ಸೆಂಟ್ಸ್ ಆದರೆ ಒಂದು ಇಂಚು. ಪೆನ್ಸಿಲಲ್ಲಿ ಬರೆದದ್ದು, ಎಷ್ಟೋ ಪುಟ ಮಾಸಿವೆ. ಎರಡು ಮಳೆಗಾಲ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ.

ಆಮೇಲೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತು, ಟೈಪ್ ಮಾಡಿದ ಮಾತಿಗೆ ಉತ್ತರ ಕೊಡುವ ಒಂದು ಚಾಟ್‌ಬಾಟ್ ಮಾಡಿದೆ. ಹೆಸರು ಚುಕ್ಕಿ. ಹಳೆಯ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್ ಕೂಡ ಹೋಗುತ್ತದೆ, ಅದಕ್ಕೆ ನೆಟ್ ಬೇಡದ ಹಾಗೆ ಮಾಡಿದ್ದೇನೆ. ಸಂಜೆ ಅಪ್ಪ ಹೇಳುತ್ತಾರೆ, ನನ್ನ ಮಗ ಟೈಪ್ ಮಾಡುತ್ತಾನೆ. ಮನೆಯಲ್ಲಿ ನಾವು ಅರೆಭಾಷೆ ಆಡುತ್ತೇವೆ, ಚುಕ್ಕಿಯ ಹತ್ತಿರ ಮಾತ್ರ ಕನ್ನಡ.

ಮೊನ್ನೆ ನಡೆದ ಮಾತು ಹೀಗಿದೆ:

ಅಪ್ಪ: ನಿನ್ನೆ ಎಷ್ಟು ಬಂತು?
ಚುಕ್ಕಿ: ನಿನ್ನೆ ಮಳೆ 1 ಇಂಚು 15 ಸೆಂಟ್ಸ್.
ಅಪ್ಪ: ಮೊನ್ನೆ?
ಚುಕ್ಕಿ: ನನಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ.
ಅಪ್ಪ: ಹದಿನೆಂಟರಲ್ಲಿ ಇದೇ ದಿನ?
ಚುಕ್ಕಿ: ನನಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ.

ಹದಿನೆಂಟು ಅಂದರೆ 2018. ಆ ವರ್ಷ ಆಗಸ್ಟ್‌ನಲ್ಲಿ ಗುಡ್ಡ ಜರಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಜೋರು ಮಳೆ ಹಿಡಿದ ಸಂಜೆಯೆಲ್ಲ ಅಪ್ಪ ಆ ವರ್ಷದ ಲೆಕ್ಕವನ್ನೇ ಕೇಳುತ್ತಾರೆ. ಚುಕ್ಕಿ ಅದಕ್ಕೆ ಉತ್ತರ ಕೊಡದಿದ್ದರೆ ನಾನು ಮಾಡಿದ್ದಕ್ಕೆ ಅರ್ಥವೇ ಇಲ್ಲ.

ಇನ್ನೊಂದು ತೊಂದರೆ. ಅಪ್ಪ ಹೇಳಿದ್ದನ್ನು ವಾಪಸ್ ಕೇಳುವ ಹಾಗೆ ಒಂದು ನಿಯಮ ಬರೆದಿದ್ದೆ. "ನಾನು ತೋಟಕ್ಕೆ ಹೋಗಿದ್ದೆ" ಅಂದರೆ ಅದು "ನೀವು ತೋಟಕ್ಕೆ ಹೋಗಿದ್ದೆ ಅಂದಿರಾ?" ಅನ್ನುತ್ತದೆ. ಕೇಳಲು ಆಗುವುದಿಲ್ಲ.

ಮೂರನೆಯದು ನನಗೆ ಜಾಸ್ತಿ ನೋವು ಕೊಟ್ಟಿದ್ದು. ಮೇ ತಿಂಗಳಲ್ಲಿ ಅಪ್ಪ "ನಮ್ಮ ಗೌರಿ ಗಬ್ಬ ಆಗಿದೆ" ಅಂದಿದ್ದರು. ಚುಕ್ಕಿ ಅದನ್ನು ಬರೆದಿಟ್ಟುಕೊಂಡಿತ್ತು. ಜುಲೈಯಲ್ಲಿ ಹಸು ಕಾಯಿಲೆ ಬಿದ್ದು ಸತ್ತುಹೋಯಿತು. ಅಪ್ಪ ಅದನ್ನೂ ಹೇಳಿದ್ದರು. ಆದರೂ ಹೋದ ವಾರ ಚುಕ್ಕಿ "ಗೌರಿ ಕರು ಹಾಕಿತಾ?" ಅಂತ ಕೇಳಿಬಿಟ್ಟಿತು. ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಜಗಲಿಗೆ ಹೋಗಿ ನಿಂತರು. ಮಗ ಏನು ಟೈಪ್ ಮಾಡಲಿ ಅಂತ ನನ್ನ ಮುಖ ನೋಡಿದ. ಇಂಥದ್ದು ಮತ್ತೆ ಆಗಬಾರದು. ದಾರಿ ಹೇಳಿ.

ಸೋಮವಾರಪೇಟೆ_ಕೋಡು:

ಅಕ್ಕ, ಮೊದಲು "ಮೊನ್ನೆ?" ವಿಷಯ. ಅದು ಅರ್ಧ ಮಾತಲ್ಲ. ನಾವು ಎದುರಿಗಿದ್ದವರಿಗೆ ಗೊತ್ತಿರುವುದನ್ನು ಬಿಟ್ಟೇ ಮಾತಾಡುವುದು. "ಎಷ್ಟು ಬಂತು" ಅಂದಾಗಲೂ ಅಪ್ಪ ಮಳೆ ಅನ್ನಲಿಲ್ಲ, ಅಲ್ವಾ?

ಚುಕ್ಕಿಗೆ ಮೂರು ಗೂಟ ಹೊಡೆದು ಕೊಡಿ: ವಿಷಯ, ದಿನ, ವರ್ಷ. ಪೈಥಾನ್‌ನಲ್ಲಿ ಒಂದು ಡಿಕ್ಷನರಿ, ಅಂದರೆ ಹೆಸರಿನ ಎದುರು ಅದರ ವಿವರ ಇಡುವ ಪಟ್ಟಿ, ಸಾಕು. ಹೊಸ ಮಾತಿನಲ್ಲಿ ಯಾವುದು ಬಂತೋ ಅದನ್ನು ಮಾತ್ರ ಬದಲಾಯಿಸಿ, ಉಳಿದದ್ದು ಹಾಗೇ ಇರಲಿ. "ಮೊನ್ನೆ?" ಅಂದರೆ ದಿನ ಬದಲಾಗುತ್ತದೆ, ವಿಷಯ ಮಳೆಯಾಗಿಯೇ ಇರುತ್ತದೆ. "ಹದಿನೆಂಟರಲ್ಲಿ ಇದೇ ದಿನ" ಅಂದರೆ ವರ್ಷ 2018 ಆಗುತ್ತದೆ, ದಿನ ಇವತ್ತಿನ ತಾರೀಕಿಗೆ ಬರುತ್ತದೆ. ಹತ್ತು ನಿಮಿಷ ಯಾರೂ ಮಾತಾಡದಿದ್ದರೆ ಮೂರನ್ನೂ ಖಾಲಿ ಮಾಡಿ. ಇಲ್ಲದಿದ್ದರೆ ಮಾರನೇ ದಿನ "ಎಷ್ಟು?" ಅಂದಾಗ 2018ರದ್ದು ಹೇಳುತ್ತದೆ. "ಬಂತಾ?" ಅನ್ನುವ ಮಾತಿನಲ್ಲಿ ಹುಷಾರು. ಮಳೆಗಾಲದಲ್ಲಿ ಅದು ಕರೆಂಟಿನ ವಿಷಯವೂ ಆಗಿರಬಹುದು. ಅನುಮಾನ ಬಂದರೆ ಚುಕ್ಕಿ "ಮಳೆಯಾ, ಕರೆಂಟಾ?" ಅಂತ ಕೇಳಲಿ. "ಅರ್ಥವಾಗಲಿಲ್ಲ" ಅನ್ನುವುದನ್ನು ಆದಷ್ಟು ಕಡಿಮೆ ಮಾಡಿ.

ಎರಡನೆಯದು. ಹೇಳಿದ್ದನ್ನು ತಿರುಗಿಸಿ ಕೇಳುವುದು ಎಲೈಜಾ ಅನ್ನುವ ಹಳೆಯ ಚಾಟ್‌ಬಾಟ್‌ನ ಉಪಾಯ. ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಅದರ ಬಗ್ಗೆ ಬರೆದರು. ಇಂಗ್ಲಿಷಿನಲ್ಲಿ ನಾನು, ನೀನು ಅದಲುಬದಲು ಮಾಡಿದರೆ ಹೆಚ್ಚಿನ ಮಾತು ಸರಿಹೋಗುತ್ತದೆ, ಕ್ರಿಯಾಪದ ಅಷ್ಟು ಬದಲಾಗುವುದಿಲ್ಲ. ನಮ್ಮಲ್ಲಿ ನಾನು ಅಂದರೆ ಹೋಗಿದ್ದೆ, ನೀವು ಅಂದರೆ ಹೋಗಿದ್ದಿರಿ. ಎಲ್ಲ ಕ್ರಿಯಾಪದಕ್ಕೂ ಪಟ್ಟಿ ಬರೆಯುತ್ತಾ ಕೂತರೆ ಮುಗಿಯುವುದಿಲ್ಲ. ನಾನು ಮಾಡಿ ನೋಡಿ ಬಿಟ್ಟಿದ್ದೇನೆ.

ಮನೆಯಲ್ಲಿ ನಾವು ಹೇಗೆ ಕೇಳುತ್ತೇವೆ? "ತೋಟಕ್ಕಾ?" ಅನ್ನುತ್ತೇವೆ. ಇಲ್ಲವೇ "ಹೋಗಿದ್ದು ಯಾವಾಗ?" ಅನ್ನುತ್ತೇವೆ. "ಹೋಗಿದ್ದು" ಅನ್ನುವುದಕ್ಕೆ ನಾನು, ನೀವು, ಅವರು ಅಂತ ಭೇದ ಇಲ್ಲ. ಚುಕ್ಕಿ ಹಾಗೆ ಕೇಳಲಿ. ಮಾತೂ ಸಹಜವಾಗಿರುತ್ತದೆ, ನಿಯಮಗಳೂ ಕಡಿಮೆ.

ಗೌರಿ ವಿಷಯ ರಾತ್ರಿ ಬರೆಯುತ್ತೇನೆ. ಅದನ್ನು ಅವಸರದಲ್ಲಿ ಹೇಳುವ ಹಾಗಿಲ್ಲ.

ಗೋಣಿಕೊಪ್ಪ_ಟು_ಮೈಸೂರು:

ಪದ ಹುಡುಕಲು ಏನು ಬಳಸಿದ್ದೀರಿ? ಪೈಥಾನ್‌ನ ಜೊತೆಗೇ ಬರುವ "ರೀ" ಮಾಡ್ಯೂಲ್‌ನಲ್ಲಿ ಪದದ ಅಕ್ಷರಗಳನ್ನು ಹಿಡಿಯುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಚಿಹ್ನೆ ಹಾಕಿದ್ದರೆ ಅದು ಕೊಂಬು, ಏತ್ವ, ದೀರ್ಘ ಯಾವುದನ್ನೂ ಅಕ್ಷರ ಅಂತ ಎಣಿಸುವುದಿಲ್ಲ. "ಮಳೆ" ಹೋಗಿ "ಮಳ" ಆಗುತ್ತದೆ. "ತೋಟ" ಹೋಗಿ "ತ", "ಟ" ಅಂತ ಎರಡು ತುಂಡಾಗುತ್ತದೆ. ಬೇರೆಯಾಗಿ ಇನ್‌ಸ್ಟಾಲ್ ಮಾಡುವ "ರೆಜೆಕ್ಸ್" ಅನ್ನುವ ಮಾಡ್ಯೂಲ್‌ನಲ್ಲಿ ಈ ತೊಂದರೆ ಇಲ್ಲ. ಅದು ಬೇಡವಾದರೆ ಸುಮ್ನೆ ಖಾಲಿ ಜಾಗ ನೋಡಿ ಪದ ಒಡೆಯಿರಿ.

ಇನ್ನೊಂದು. "ೋ" ಕಾಣುವುದು ಒಂದೇ ಥರ, ಒಳಗೆ ಒಂದೇ ಸಂಕೇತ ಇರಬಹುದು, ಮೂರು ಬಿಡಿ ಸಂಕೇತವೂ ಇರಬಹುದು. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ. ಒಳಗೆ ಬರುವ ಪ್ರತಿ ಸಾಲನ್ನೂ ಯೂನಿಕೋಡ್‌ನ ಎನ್‌.ಎಫ್‌.ಸಿ. ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿ ಸೇರಿಸಿದ ರೂಪಕ್ಕೆ, ತಂದುಕೊಳ್ಳಿ. ಪ್ರತ್ಯಯಗಳಿಗೆ ಪದದ ಮೊದಲ ಭಾಗ ನೋಡಿದರೆ ತೋಟಕ್ಕೆ, ತೋಟದಲ್ಲಿ, ತೋಟದಿಂದ ಎಲ್ಲವೂ ಸಿಗುತ್ತವೆ. ಆದರೆ "ಕರು" ಹುಡುಕಿದರೆ "ಕರುಳು" ಕೂಡ ಬರುತ್ತದೆ. ಅದಕ್ಕೆ ಉದ್ದದ ಪದಗಳನ್ನು ಮೊದಲು ನೋಡಿ.

ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾದರಿಗೆ ಕೊಟ್ಟುಬಿಡಿ ಅಂತ ಯಾರಾದರೂ ಹೇಳಬಹುದು. ಹರಟೆಗೆ ಆಗುತ್ತದೆ. ಮಳೆಯ ಅಂಕಿ ಮಾತ್ರ ಅದು ತಾನೇ ಹೇಳಬಾರದು. ಇಲ್ಲದ ಅಂಕಿಯನ್ನೂ ನಂಬುವ ಹಾಗೆ ಹೇಳಿಬಿಡುತ್ತದೆ. ಅಪ್ಪ ಮೂವತ್ತು ವರ್ಷ ಅಳೆದ ಲೆಕ್ಕ ಅದು, ನೇರವಾಗಿ ಡೇಟಾಬೇಸಿನಿಂದಲೇ ಬರಬೇಕು. ಸೆಂಟ್ಸನ್ನು ಪೂರ್ಣಾಂಕವಾಗಿ ಇಡಿ, 1 ಇಂಚು 15 ಅಂದರೆ 115. ಕೂಡುವಾಗ ದಶಾಂಶದ ಗೋಳು ಇರುವುದಿಲ್ಲ.

ಹಾಗೇ ಒಂದು ಪ್ರಶ್ನೆ. ಬೆಳಿಗ್ಗೆ ಎಂಟಕ್ಕೆ ಅಳೆಯುವ ನೀರು ಹಿಂದಿನ 24 ಗಂಟೆಯದು. ಅಪ್ಪ ಅದನ್ನು ಯಾವ ತಾರೀಕಿಗೆ ಬರೆದಿದ್ದಾರೆ?

ಸೋಮವಾರಪೇಟೆ_ಕೋಡು:

ಗೌರಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಚುಕ್ಕಿ ಮರೆತಿದ್ದರಿಂದ ಹಾಗಾಗಲಿಲ್ಲ. ಎರಡೂ ಮಾತು ಅದಕ್ಕೆ ನೆನಪಿತ್ತು, ಹಿಂದಿನದನ್ನು ಮುಂದಿನದು ಮುಗಿಸಿತು ಅನ್ನುವುದು ಗೊತ್ತಿರಲಿಲ್ಲ. ನನ್ನ ಬಾಟ್‌ನಲ್ಲಿ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸಿನ ಟೇಬಲ್ ಇದೆ. ಯಾರ ಬಗ್ಗೆ, ಏನು, ಕೇಳಿದ ತಾರೀಕು, ಮುಗಿದ ತಾರೀಕು ಅಂತ ನಾಲ್ಕು ಕಾಲಂ. ಸತ್ತಿತು, ಮಾರಿದೆವು, ಹೊರಟುಹೋದರು, ಇಂಥ ಪದ ಬಂದ ಕೂಡಲೇ ಆ ಹೆಸರಿನ ಎಲ್ಲ ಸಾಲಿಗೂ ಮುಗಿದ ತಾರೀಕು ಬೀಳುತ್ತದೆ. ಅಳಿಸುವುದಿಲ್ಲ. ನಾಳೆ ಅಪ್ಪನೇ "ಗೌರಿ ಎಷ್ಟು ಹಾಲು ಕೊಡುತ್ತಿತ್ತು" ಅಂತ ನೆನೆಸಿಕೊಂಡರೆ ಉತ್ತರ ಇರಬೇಕಲ್ಲ. ಮುಗಿದ ಸಾಲನ್ನು ಚುಕ್ಕಿ ತಾನಾಗಿ ಎತ್ತಬಾರದು, ಅಷ್ಟೇ.

ಯಾವಾಗ ಎತ್ತಬೇಕು ಅನ್ನುವುದಕ್ಕೂ ಎಲೈಜಾ ಒಳ್ಳೆಯ ದಾರಿ ತೋರಿಸಿದೆ. "ನನ್ನ" ಅಂತ ಹೇಳಿದ ಮಾತನ್ನು ಅದು ತೆಗೆದಿಡುತ್ತಿತ್ತು. ಮುಂದೆ ಹಿಡಿದುಕೊಳ್ಳಲು ಏನೂ ಸಿಗದಾಗ ಅದನ್ನು ಹೊರಗೆ ತೆಗೆಯುತ್ತಿತ್ತು. ಅಪ್ಪ ಏನೋ ಕೇಳುತ್ತಿರುವಾಗ ನಡುವೆ ಬಾಯಿ ಹಾಕಬಾರದು. ಮತ್ತೆ, ಹದಿನೈದು ದಿನ ದಾಟಿದ ವಿಷಯವಾದರೆ "ಏನಾಯಿತು?" ಅಂತ ನೇರ ಕೇಳಬೇಡಿ. "ಮೇ ತಿಂಗಳಲ್ಲಿ ಹೇಳಿದ್ದಿರಿ" ಅಂತ ತಿಂಗಳು ಸೇರಿಸಿ. ಹಳೆಯ ಸುದ್ದಿ ಅಂತ ತನಗೂ ಗೊತ್ತಿದೆ ಅನ್ನುವುದು ಅಪ್ಪನಿಗೆ ತಿಳಿಯುತ್ತದೆ.

ಭಾಗಮಂಡಲ_ಮಳೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ನಾಲ್ಕು ರಾತ್ರಿ ಕೂತು ಮಾಡಿದೆ.

ತಾರೀಕಿನ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಅಪ್ಪ 1994ರಿಂದಲೂ ಅಳೆದ ದಿನದ ತಾರೀಕಿಗೇ ಬರೆದಿದ್ದಾರೆ. ಚುಕ್ಕಿ "ನಿನ್ನೆ" ಅಂತ ಹೇಳುತ್ತಿದ್ದದ್ದು ಇಷ್ಟು ದಿನವೂ ಮೊನ್ನೆಯ ಮಳೆ! ನೋಟ್‌ಬುಕ್ಕಿನ ತಾರೀಕು ಮುಟ್ಟಲಿಲ್ಲ, ಅದು ಅಪ್ಪ ಬರೆದ ಹಾಗೇ ಇರಲಿ. "ನಿನ್ನೆ" ಅಂದರೆ ಇವತ್ತಿನ ಸಾಲು ನೋಡು ಅಂತ ಬರೆದೆ.

ಹುಡುಕುವಾಗ ನನ್ನದೂ "ಮಳ" ಅಂತಲೇ ತುಂಡಾಗುತ್ತಿತ್ತು. ಈಗ ಸರಿಯಾಗಿದೆ. ಗೌರಿಯ ಎರಡು ಸಾಲಿಗೆ ಮುಗಿದ ತಾರೀಕು ನಾನೇ ಕೈಯಿಂದ ಹಾಕಿದೆ.

ನಿನ್ನೆ ಸಂಜೆ ಅಪ್ಪ ನಿನ್ನೆ, ಮೊನ್ನೆ, ಹದಿನೆಂಟು ಮೂರನ್ನೂ ಕೇಳಿದರು. ಮೂರಕ್ಕೂ ಉತ್ತರ ಬಂತು. ಆಮೇಲೆ "ಹ್ಞೂಂ" ಅಂತ ಸುಮ್ಮನೆ ಕೂತರು. ಮಗ ಹಾಗೇ "ಹ್ಞೂಂ" ಅಂತ ಟೈಪ್ ಮಾಡಿದ. ಆಗ ಚುಕ್ಕಿ ಕೇಳಿತು: "ಮಂಗಳವಾರ ಮೋಟಾರಿನ ವಾಷರ್ ಹೋಯಿತು ಅಂದಿದ್ದಿರಿ. ಹಾಕಿಸಿದ್ದಾಯಿತಾ?"

ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಇಲ್ಲ ಅಂತ ಬರಿ. ಸೋಮವಾರ ಮಡಿಕೇರಿಗೆ ಹೋಗಬೇಕು ಅಂತಾನೂ ಬರಿ" ಅಂದರು.

ಈಗ ಆ "ಸೋಮವಾರ"ವನ್ನು ತಾರೀಕು ಮಾಡಿ ಇಟ್ಟುಕೊಳ್ಳುವುದನ್ನು ಬರೆಯುತ್ತಿದ್ದೇನೆ.