ಪದಚರ್ಚೆ: ಪುಟ್ಟ ರೈಲಿನ ಗೇಜು, ಸ್ಕೇಲು ಎರಡಕ್ಕೂ ‘ಅಳತೆ’ ಎಂದರೆ ಸಾಕೇ?

ಬಳಗದವರಿಗೆ ಕಾಸರಗೋಡಿನಿಂದ ನಮಸ್ಕಾರ.

ಓ ಗೇಜಿನ ಮಾದರಿ ರೈಲನ್ನು ಗೆಳೆಯರು ಕೂಡಿ ಕಟ್ಟಲು, ಓಡಿಸಲು ಬೇಕಾದ ಒಂದು ಕೈಪಿಡಿ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಒಬ್ಬರು ಹಲಗೆ ಕೊಯ್ದರೆ ಇನ್ನೊಬ್ಬರು ಹಳಿ ಹಾಸುತ್ತಾರೆ, ಮತ್ತೊಬ್ಬರು ಮನೆಯಲ್ಲೇ ಕೂತು ಡಬ್ಬಿ ಕಟ್ಟಿ ತರುತ್ತಾರೆ. ಹೀಗೆ ಹಂಚಿಕೊಂಡು ಮಾಡುವ ಕೆಲಸದಲ್ಲಿ ಒಂದು ಪದಕ್ಕೆ ಎರಡು ಅರ್ಥವಿದ್ದರೆ ಮರವೂ ಹಾಳು, ದಿನವೂ ಹಾಳು. ಅಂಥ ಕೆಲವು ಪದಗಳನ್ನು ಇಲ್ಲಿ ಇಡುತ್ತಿದ್ದೇನೆ.

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ‘ಅಳತೆ’. ಗೇಜು ಎಂದರೆ ಎರಡು ಹಳಿಗಳ ಒಳಮೈ ನಡುವಿನ ದೂರ. ಓ ಗೇಜಿನಲ್ಲಿ ಅದು 32 ಮಿ.ಮೀ. ಸ್ಕೇಲು ಎಂದರೆ ನಿಜವಾದ ವಸ್ತುವನ್ನು ಎಷ್ಟು ಪಾಲು ಕಿರಿದು ಮಾಡಿದ್ದೇವೆ ಎಂಬ ಲೆಕ್ಕ. ಬ್ರಿಟನ್ನಿನ ಓ ಗೇಜಿನವರು ಒಂದು ಅಡಿಗೆ 7 ಮಿ.ಮೀ. ಹಿಡಿಯುತ್ತಾರೆ, ಅಂದರೆ 1:43.5. ಜರ್ಮನಿಯಲ್ಲಿ 1:45, ಅಮೆರಿಕದಲ್ಲಿ 1:48. ಹಳಿ ಮಾತ್ರ ಮೂರು ಕಡೆಯೂ ಸುಮಾರು 32 ಮಿ.ಮೀ.ಯೇ. ಕನ್ನಡದಲ್ಲಿ ನಾವು ಎರಡನ್ನೂ ‘ಅಳತೆ’ ಎನ್ನುತ್ತೇವೆ. ‘ಓ ಅಳತೆಯ ಡಬ್ಬಿ’ ಎಂದು ಬರೆದರೆ ಕಟ್ಟುವವರು ಯಾವುದನ್ನು ಹಿಡಿಯಬೇಕು?

ನಮ್ಮ ಮಾರ್ಗದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಶೋರನೂರು–ಮಂಗಳೂರು ಮಾರ್ಗ ಬ್ರಾಡ್ ಗೇಜು, 1676 ಮಿ.ಮೀ. ಇದನ್ನು 1:43.5ಕ್ಕೆ ಇಳಿಸಿದರೆ ಹಳಿಗಳ ನಡುವೆ 38.5 ಮಿ.ಮೀ. ಬರಬೇಕು. ಪೆಟ್ಟಿಗೆಯಲ್ಲಿ ಬರುವ ಹಳಿ 32. ಅದಕ್ಕೆ ಸರಿಹೊಂದಿಸಲು ಹೊರಟರೆ ಸ್ಕೇಲು ಸುಮಾರು 1:52.4 ಆಗುತ್ತದೆ. ಈಗ ಒಬ್ಬರು ಐಸಿಎಫ್ (ಚೆನ್ನೈಯ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ) ಡಬ್ಬಿಯನ್ನು 1:43.5ರಲ್ಲಿ ಕಟ್ಟಿದರು ಎನ್ನಿ. 21,337 ಮಿ.ಮೀ. ಉದ್ದದ ಡಬ್ಬಿ 490 ಮಿ.ಮೀ. ಆಗುತ್ತದೆ, 3245 ಮಿ.ಮೀ. ಅಗಲ 74.6 ಆಗುತ್ತದೆ. ಇನ್ನೊಬ್ಬರು ಪ್ಲಾಟ್‌ಫಾರಂ ಅನ್ನು 1:52.4ರಲ್ಲಿ ಕೊಯ್ದರು. ನಿಜವಾದ ನಿಲ್ದಾಣದಲ್ಲಿ ಹಳಿಯ ನಡುಗೆರೆಯಿಂದ ಪ್ಲಾಟ್‌ಫಾರಂ ಅಂಚಿಗೆ 1670ರಿಂದ 1680 ಮಿ.ಮೀ. ಇರುತ್ತದೆ, ಅದು ಇಲ್ಲಿ 32ಕ್ಕೆ ಬಂತು. ಡಬ್ಬಿಯ ಅರ್ಧ ಅಗಲವೇ 37.3. ಡಬ್ಬಿ 5 ಮಿ.ಮೀ.ಗೂ ಹೆಚ್ಚು ಪ್ಲಾಟ್‌ಫಾರಂ ಮೇಲೆ ಚಾಚುತ್ತದೆ, ಮೆಟ್ಟಿಲು ಅಂಚಿಗೆ ಬಡಿದು ಗಾಡಿ ನಿಲ್ಲುತ್ತದೆ. ಇಬ್ಬರ ನಕ್ಷೆಯಲ್ಲೂ ‘ಅಳತೆ: ಓ’ ಎಂದೇ ಬರೆದಿರುತ್ತದೆ, ಇಬ್ಬರದೂ ತಪ್ಪಿಲ್ಲ.

‘ಗೇಜು’ ಎಂದೇ ಇಟ್ಟುಕೊಳ್ಳೋಣ ಎಂದರೆ ಅದು ಹಳಿಗಳ ನಡುವೆ ಇಟ್ಟು ನೋಡುವ ಹಿತ್ತಾಳೆಯ ಸಾಧನಕ್ಕೂ ಹೆಸರು. ‘ಸ್ಕೇಲು’ ಎಂದರೆ ಶಾಲೆಯ ಮಕ್ಕಳಿಗೆ ಅಡಿಪಟ್ಟಿ. ನನ್ನ ಸೂಚನೆ: ಗೇಜಿಗೆ ‘ಹಳಿಯಗಲ’, ಸ್ಕೇಲಿಗೆ ‘ಮಾನ’, ಸಾಧನಕ್ಕೆ ಮಾತ್ರ ‘ಗೇಜು’. ಸಾಧನವನ್ನು ‘ಅಚ್ಚು’ ಎನ್ನಬಹುದಿತ್ತು, ಆದರೆ ಗಾಡಿಯ ವಿಷಯದಲ್ಲಿ ಅಚ್ಚು ಎಂದರೆ ಎರಡು ಗಾಲಿಗಳನ್ನು ಕೂಡಿಸುವ ದಂಡ. ಆ ಪದ ಅಲ್ಲಿಗೇ ಬೇಕು.

ಎರಡನೆಯದು ‘ಕ್ರಾಸಿಂಗ್’. ಗಾಡಿ ಒಂದು ದಾರಿಯಿಂದ ಇನ್ನೊಂದಕ್ಕೆ ಹೊರಳುವ ಪಾಯಿಂಟಿನಲ್ಲಿ ಎರಡು ಹಳಿಗಳು ಒಂದನ್ನೊಂದು ಕತ್ತರಿಸುವ ಜಾಗಕ್ಕೆ ರೈಲ್ವೆಯವರ ಹೆಸರು ಅದು. ನಮ್ಮ ಜನಕ್ಕೆ ಮಾತ್ರ ಕ್ರಾಸಿಂಗ್ ಎಂದರೆ ಎದುರು ಗಾಡಿಗೆ ಕಾದು ನಿಲ್ಲುವುದು, ಇಲ್ಲವೇ ರಸ್ತೆಯ ಗೇಟು. ಓಡಿಸುವಾಗ ‘ಕ್ರಾಸಿಂಗ್ ನೋಡಿಕೊಳ್ಳಿ’ ಎಂದು ಕೂಗಿದರೆ ಒಬ್ಬರು ಪಾಯಿಂಟನ್ನು ನೋಡುತ್ತಾರೆ, ಇನ್ನೊಬ್ಬರು ಎದುರು ಬರುವ ಗಾಡಿಯನ್ನು.

ಮೂರನೆಯದು ‘ಬೋಗಿ’. ಎರಡು ಜೊತೆ ಗಾಲಿಗಳಿರುವ ತಿರುಗುವ ಚೌಕಟ್ಟಿಗೆ ಮೂಲದಲ್ಲಿ ಆ ಹೆಸರು. ಕನ್ನಡದಲ್ಲಿ ಬೋಗಿ ಎಂದರೆ ಇಡೀ ಡಬ್ಬಿ. ಕೈಪಿಡಿಯಲ್ಲಿ ‘ಒಂದು ಬೋಗಿ ಎಡಬಲಕ್ಕೆ ಹೊರಳದಂತಿರಲಿ, ಇನ್ನೊಂದನ್ನು ಸಡಿಲ ಬಿಡಿ’ ಎಂಬ ಸೂಚನೆ ಬರಲೇಬೇಕು. ಎರಡನ್ನೂ ಬಿಗಿ ಮಾಡಿದರೆ ಹಲಗೆಯ ಸಣ್ಣ ತಗ್ಗಿನಲ್ಲೇ ಒಂದು ಗಾಲಿ ಹಳಿಯಿಂದ ಮೇಲೇಳುತ್ತದೆ, ಎರಡನ್ನೂ ಸಡಿಲ ಬಿಟ್ಟರೆ ಡಬ್ಬಿ ವಾಲುತ್ತದೆ. ಓದುಗರು ಇದನ್ನು ‘ಒಂದು ಡಬ್ಬಿಯ ಕೊಂಡಿ ಬಿಡಿಸಿ’ ಎಂದು ತಿಳಿದುಕೊಂಡರೆ ತಪ್ಪು ಯಾರದು?

ಇನ್ನೊಂದು ಮಾತು. ಇಲ್ಲಿ ಮಲಯಾಳಂ ಮಾತಾಡುವ ಗೆಳೆಯರೂ ಜೊತೆಗಿರುತ್ತಾರೆ. ಅವರ ‘ಪಾಳಂ’ ನಮ್ಮ ಹಳಿ. ಅವರ ‘ಪಾಲಂ’ ನಮ್ಮ ಸೇತುವೆ. ಗದ್ದಲದ ಕೋಣೆಯಲ್ಲಿ ಳ, ಲ ಬೇರೆ ಬೇರೆಯಾಗಿ ಕೇಳಿಸುವುದಿಲ್ಲ. ಹಾಗಾಗಿ ‘ಹಳಿ’ಯನ್ನೇ ಎಲ್ಲರೂ ಕಲಿತುಕೊಳ್ಳುವುದು ಒಳ್ಳೆಯದು ಎಂದು ನನಗೆ ತೋರುತ್ತದೆ. ನಿಮ್ಮ ಕಡೆಯ ಬಳಕೆ ತಿಳಿಸಿ.

*

ಸೊಲ್ಲಾಪುರದಿಂದ ಉತ್ತರ

ಬಳಗಕ್ಕೆ ಶರಣು.

ಕಾಸರಗೋಡಿನವರು ಎತ್ತಿದ ಪ್ರಶ್ನೆ ಬಹಳ ಅಗತ್ಯದ್ದು. ಗೇಜು ಬೇರೆ, ಸ್ಕೇಲು ಬೇರೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಸಾಕ್ಷಿ ಇದೆ. ಕುರ್ಡುವಾಡಿಯ ಬಾರ್ಶಿ ಲೈಟ್ ರೈಲ್ವೆ 1897ರಲ್ಲಿ ಶುರುವಾಯಿತು. ಆಗ ಅದರ ಹಳಿಗಳ ನಡುವೆ ಇದ್ದದ್ದು ಎರಡೂವರೆ ಅಡಿ, 762 ಮಿ.ಮೀ. ಅದರ ಮಾದರಿಯನ್ನು 1:43.5ರಲ್ಲಿ ಕಟ್ಟಿದರೆ 17.5 ಮಿ.ಮೀ. ಹಳಿ ಬೇಕು. ಓಗಿಂತ ಚಿಕ್ಕದಾದ ಎಚ್‌ಓ ಎಂಬ ಮಾದರಿ ಗೇಜಿನ 16.5 ಮಿ.ಮೀ. ಹಳಿ ಅದಕ್ಕೆ ಹತ್ತಿರದ್ದು, 1:48 ಹಿಡಿದರೆ ಇನ್ನೂ ಹತ್ತಿರ. ಗದಗ ಮಾರ್ಗದ ಹಳೆಯ ಮೀಟರ್ ಗೇಜನ್ನು ಅದೇ 1:43.5ರಲ್ಲಿ ಕಟ್ಟಿದರೆ 23 ಮಿ.ಮೀ. ಒಂದೇ ಹಲಗೆಯ ಮೇಲೆ ಒಂದೇ ಸ್ಕೇಲಿನಲ್ಲಿ ಮೂರು ಗೇಜು ಇರಬಹುದು; ನಿಂತ ಮನುಷ್ಯರ ಎತ್ತರ ಮಾತ್ರ ಮೂರು ಕಡೆಯೂ ಸುಮಾರು 38 ಮಿ.ಮೀ.ಯೇ. ಹೊಸಬರಿಗೆ ಇದನ್ನು ತೋರಿಸಿದರೆ ಎರಡು ಪದ ಯಾಕೆ ಬೇಕು ಎಂಬುದು ಕೂಡಲೇ ತಿಳಿಯುತ್ತದೆ.

ಆದರೆ ‘ಹಳಿಯಗಲ’ ನನಗೆ ಒಪ್ಪಿಗೆಯಿಲ್ಲ. ಹಳಿಯ ಅಗಲ ಎಂದರೆ ಒಂದು ಹಳಿಯ ತಲೆ ಎಷ್ಟು ದಪ್ಪ ಎಂದೂ ಆಗುತ್ತದೆ, ಕೊಳ್ಳುವಾಗ ಅದೂ ಕೇಳಬೇಕಾದ ವಿಷಯವೇ. ‘ಹಳಿ ಅಂತರ’ ಎನ್ನಿ. ಬಿಡಿಸಿಯೇ ಬರೆಯಿರಿ; ಕೂಡಿಸಿದರೆ ಕಣ್ಣು ‘ಹಳಿಯಂತ್ರ’ ಎಂದು ಓದುತ್ತದೆ. ‘ಮಾನ’ಕ್ಕಿಂತ ‘ಪ್ರಮಾಣ’ ಲೇಸು, ನಕ್ಷೆ ಓದಿದವರಿಗೆಲ್ಲ ಆ ಪದ ಗೊತ್ತು.

‘ಓ’ ಬಗ್ಗೆಯೂ ಒಂದು ಮಾತು. ಅದು ಮೂಲದಲ್ಲಿ ಅಕ್ಷರವಲ್ಲ, ಸೊನ್ನೆ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಆಟಿಕೆ ರೈಲುಗಳ ಗೇಜಿಗೆ ಅಂಕಿ ಕೊಟ್ಟಿತು. ‘ಒಂದು’ ಎಂಬ ಗೇಜಿಗಿಂತ ಕಿರಿದಾದದ್ದು ಆಮೇಲೆ ಬಂದಾಗ ಅದಕ್ಕೆ ಸೊನ್ನೆ ಎಂಬ ಹೆಸರಾಯಿತು. ಇಂಗ್ಲಿಷಿನಲ್ಲಿ ಅದನ್ನು ಅಕ್ಷರವೆಂದು ಓದಿ ‘ಓ’ ಆಯಿತು. ಎಚ್‌ಓ ಎಂದರೆ ಅರ್ಧ ಸೊನ್ನೆ. ಜರ್ಮನರು ಈಗಲೂ ಸೊನ್ನೆ ಎಂದೇ ಹೇಳುತ್ತಾರೆ. ಕೈಪಿಡಿಯಲ್ಲಿ ಈ ಸಂಗತಿಯನ್ನು ಒಮ್ಮೆ ಹೇಳಿ, ಹೆಸರನ್ನು ಮಾತ್ರ ‘ಓ’ ಎಂದೇ ಬಿಡಿ. ಅಂಗಡಿಯ ಪೆಟ್ಟಿಗೆಯ ಮೇಲೆ ಇರುವುದನ್ನು ನಾವು ಬದಲಿಸಿದರೆ ಹೊಸಬರು ಹಳಿ ತರಿಸುವಾಗ ಕಷ್ಟಪಡುತ್ತಾರೆ.

ಪಾಯಿಂಟಿಗೆ ಮರಾಠಿಯಲ್ಲಿ ‘ಸಾಂಧಾ’ ಎನ್ನುತ್ತಾರೆ. ಸಾಂಧಾ ಬದಲಿಸುವುದು ಎಂದರೆ ದಾರಿ ಬದಲಿಸುವುದು; ಬದುಕಿನ ತಿರುವಿಗೂ ಆ ಮಾತು ಬಳಸುತ್ತಾರೆ. ಇಲ್ಲಿನ ಕನ್ನಡಿಗರ ಬಾಯಲ್ಲೂ ಅದು ಬರುತ್ತದೆ. ಆದರೂ ಅದನ್ನು ಕೈಪಿಡಿಗೆ ತರಬೇಡಿ, ಏಕೆಂದರೆ ಕನ್ನಡದ ‘ಸಂದು’ ನಮಗೆ ಬೇರೆ ಕೆಲಸಕ್ಕೆ ಬೇಕು. ಹಳಿಗಳ ತುದಿ ಸೇರುವಲ್ಲಿ ಬಿಡುವ ಜಾಗ ಸಂದು. 914 ಮಿ.ಮೀ. ಉದ್ದದ ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಬಿಸಿ ಏರಿದರೆ ಸುಮಾರು 0.3 ಮಿ.ಮೀ. ಬೆಳೆಯುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಸಂದು ಇಲ್ಲದ ಹಳಿ ಬಿಲ್ಲಿನಂತೆ ಬಾಗುತ್ತದೆ. ವಿದ್ಯುತ್ ಹರಿಯದಂತೆ ಬೇಕೆಂದೇ ಬಿಡುವ ಜಾಗವನ್ನು ‘ಕಡಿತ’ ಎನ್ನಿ. ಹಳಿಗಳ ತುದಿ ಕೂಡಿಸಲು ಸಂದಿಗೆ ಲೋಹದ ಫಿಶ್‌ಪ್ಲೇಟ್, ಕಡಿತಕ್ಕೆ ಪ್ಲಾಸ್ಟಿಕ್ಕಿನದು. ಎರಡನ್ನೂ ‘ಗ್ಯಾಪ್’ ಎಂದು ಬರೆದ ನಕ್ಷೆ ನೋಡಿ ವಯರಿಂಗ್ ಮಾಡುವವರು ಕಡಿತದ ಜಾಗದಲ್ಲಿ ಲೋಹ ಹಾಕಿದರೆ ಶಾರ್ಟ್ ಆಗುವುದು ಖಂಡಿತ.

ಪಾಯಿಂಟಿನ ಒಳಗಿನ ಮಾತುಗಳು ಸುಲಭ. ಸರಿಯುವ ಚೂಪು ಹಳಿಗೆ ‘ನಾಲಗೆ’. ಭಾರತದ ರೈಲ್ವೆಯವರ ಇಂಗ್ಲಿಷಿನಲ್ಲೂ ಅದು ನಾಲಗೆಯೇ. ಕ್ರಾಸಿಂಗಿನ ಮೊನೆಗೆ ‘ಮೂಗು’. ಅಮೆರಿಕದವರು ಅದನ್ನು ಕಪ್ಪೆ ಎನ್ನುವುದನ್ನು ಕನ್ನಡಕ್ಕೆ ಎಳೆದು ತರಬೇಡಿ. ಮೂಗಿನ ಎರಡು ಪಕ್ಕ, ಮತ್ತೆ ಗಾಲಿ ದಾರಿ ತಪ್ಪದಂತೆ ಹಿಡಿಯುವ ಎದುರಿನ ಕಾವಲು ಹಳಿಯ ಪಕ್ಕ, ಗಾಲಿಯ ಅಂಚು ಹಾಯಲು ಬಿಡುವ ಜಾಗಕ್ಕೆ ನಿಮ್ಮ ಕರಾವಳಿಯ ‘ಎಡೆ’ ಚೆನ್ನಾಗಿ ಒಪ್ಪುತ್ತದೆ.

ಈ ಎಡೆಯ ಲೆಕ್ಕವನ್ನು ಬಿಡಿಸಿ ಬರೆಯಬೇಕು. ಗಾಲಿ, ಹಳಿಗಳನ್ನು ನಿಜದ ರೂಪಕ್ಕೆ ಹತ್ತಿರವಾಗಿ ಮಾಡುವ ‘ಫೈನ್ ಸ್ಕೇಲ್’ ಪದ್ಧತಿಯಲ್ಲಿ ಹಳಿ ಅಂತರ 32, ಎಡೆ 1.75 ಮಿ.ಮೀ. ಎರಡು ಕಡೆಯ ಎಡೆ ಕಳೆದರೆ ಕಾವಲು ಹಳಿಗೂ ಮೂಗಿನ ಪಕ್ಕದ ರೆಕ್ಕೆ ಹಳಿಗೂ ನಡುವೆ 28.5 ಉಳಿಯುತ್ತದೆ. ಒಂದೇ ಅಚ್ಚಿನ ಎರಡು ಗಾಲಿಗಳ ಒಳಬೆನ್ನಿನ ನಡುವೆ 29 ಇದ್ದರೆ ಗಾಡಿ ಸಲೀಸಾಗಿ ಹಾಯುತ್ತದೆ. ಹಳೆಯ, ಒರಟು ಗಾಲಿಗಳ ‘ಕೋರ್ಸ್ ಸ್ಕೇಲ್’ ಪದ್ಧತಿಯಲ್ಲಿ ಅದೇ ದೂರ 28. ಆ ಗಾಲಿ 28.5ರ ಮೇಲೆ ಸಿಕ್ಕಿ, ಹತ್ತಿ, ಹಳಿ ಬಿಡುತ್ತದೆ. ಜನ ಪಾಯಿಂಟನ್ನು ದೂರುತ್ತಾರೆ, ಅರ ತೆಗೆದುಕೊಂಡು ಮೂಗನ್ನು ಉಜ್ಜಿ ಕೆಡಿಸುತ್ತಾರೆ. ಮೊದಲು ಕ್ಯಾಲಿಪರ್ ಹಿಡಿದು ಗಾಲಿಯ ಬೆನ್ನು ಅಳೆಯಬೇಕು. ಈ 29ಕ್ಕೆ ‘ಗಾಲಿಬೆನ್ನು’ ಎಂಬ ಹೆಸರು ಸಾಕು. ನಾಲಗೆಗೂ ಇದೇ ಲೆಕ್ಕ: ಒಂದು ನಾಲಗೆ ಒತ್ತಿ ಕೂತಾಗ ಇನ್ನೊಂದು 2 ಮಿ.ಮೀ.ಗಿಂತ ಚೆನ್ನಾಗಿ ಹೆಚ್ಚು ತೆರೆದಿರಬೇಕು, ಇಲ್ಲದಿದ್ದರೆ ಗಾಲಿಯ ಬೆನ್ನು ಅದಕ್ಕೆ ಉಜ್ಜುತ್ತದೆ.

*

ಕಾಸರಗೋಡಿನಿಂದ ಮತ್ತೆ

ಸೊಲ್ಲಾಪುರದವರಿಗೆ ಮನಸ್ಸು ತುಂಬಿ ವಂದನೆಗಳು. ‘ಹಳಿ ಅಂತರ’, ‘ಪ್ರಮಾಣ’ ಎರಡೂ ಸ್ವೀಕಾರ. ಬಾರ್ಶಿಯ ಉದಾಹರಣೆಯನ್ನು ಹಾಗೆಯೇ ಸೇರಿಸುತ್ತೇನೆ.

‘ಸಂದು’ ಪದಕ್ಕೆ ನಮ್ಮ ಕಡೆ ಇನ್ನೊಂದು ಸಂದರ್ಭ ಉಂಟು. ಇಲ್ಲಿ ಬಿಸಿಲಿಗಿಂತ ಮಳೆಗಾಲದ ಶೀತ ಹೆಚ್ಚು ತೊಂದರೆ ಕೊಡುತ್ತದೆ. ಸಾಮಾನ್ಯ ಪ್ಲೈವುಡ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದು ಉಬ್ಬಿ, ಎರಡು ಹಲಗೆ ಸೇರುವಲ್ಲಿ ಹಳಿ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಗಾಡಿ ತಪ್ಪುತ್ತದೆ. 12 ಮಿ.ಮೀ. ಮೆರೈನ್ ಪ್ಲೈ ತೆಗೆದುಕೊಳ್ಳಿ, ಐಎಸ್ 710 ಮುದ್ರೆ ನೋಡಿ. ಕೊಯ್ದ ಅಂಚಿಗೂ ಅಡಿಮೈಗೂ ವಾರ್ನಿಷ್ ಬಳಿಯಿರಿ. ಹಲಗೆಯ ಅಂಚಿನಲ್ಲಿ ಹಿತ್ತಾಳೆ ಸ್ಕ್ರೂ ನೆಟ್ಟು, ಅದರ ತಲೆಗೆ ಹಳಿಯನ್ನು ಬೆಸುಗೆ ಹಾಕಿ, ಎರಡು ಹಲಗೆಗಳನ್ನು ಬೋಲ್ಟ್ ಬಿಗಿದ ಮೇಲೆಯೇ ಹಳಿಯನ್ನು ಸಣ್ಣ ಗರಗಸದಲ್ಲಿ ಕೊಯ್ಯಬೇಕು. ಇದನ್ನು ‘ಹಲಗೆ ಸಂದು’ ಎಂದು ಕರೆದರೆ ಸಾಕಲ್ಲವೇ?

ಮೂಗಿನ ವಿದ್ಯುತ್ತಿನ ಬಗ್ಗೆ ‘ಮೂಗಿನ ಧ್ರುವ’ ಎಂದು ಬರೆಯುತ್ತೇನೆ. ನಾಲಗೆ ಯಾವ ದಾರಿಗೆ ಕೂತಿದೆಯೋ ಆ ದಾರಿಯ ಹಳಿಯ ಧ್ರುವವೇ ಮೂಗಿಗೂ ಬರಬೇಕು. ನಾಲಗೆ ಹಳೆಯ ಹಳಿಯನ್ನು ಬಿಡುವ ಮೊದಲೇ ಸ್ವಿಚ್ಚು ಧ್ರುವ ಬದಲಿಸಿದರೆ ಶಾರ್ಟ್ ಆಗಿ, ಡಿಸಿಸಿಯಲ್ಲಿ (ಹಳಿಯ ಮೂಲಕವೇ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ವ್ಯವಸ್ಥೆ) ಆ ಬೂಸ್ಟರಿನಿಂದ ವಿದ್ಯುತ್ ಪಡೆಯುವ ಎಲ್ಲ ಗಾಡಿಗಳೂ ಒಟ್ಟಿಗೆ ನಿಲ್ಲುತ್ತವೆ. ಜಲ್ಲಿ ಹಾಸುವವರಿಗೂ ಎಚ್ಚರಿಕೆ ಬೇಕು. ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ತೊಟ್ಟು ಪಾತ್ರೆ ಸೋಪು ಬೆರೆಸಿ ಬಿಡುವಾಗ ನಾಲಗೆಯ ಬುಡಕ್ಕೆ ಹರಿದರೆ ನಾಲಗೆ ಅಂಟಿ ಕೂರುತ್ತದೆ.

ಓಡಿಸುವಾಗಿನ ಮಾತುಗಳಲ್ಲಿ ಒಂದನ್ನು ನಾನೇ ಸೇರಿಸುತ್ತಿದ್ದೇನೆ. ಶಂಟಿಂಗಿನಲ್ಲಿ ‘ಮುಂದೆ’, ‘ಹಿಂದೆ’ ಎನ್ನಲೇಬಾರದು. ಎಂಜಿನ್ ಯಾವ ಕಡೆ ಮುಖ ಮಾಡಿದೆಯೋ ಅದು ಮುಂದೆಯೇ, ಹೇಳುವವರ ಎದುರಿನದು ಮುಂದೆಯೇ? ಕಾಸರಗೋಡಿನವರಿಗೆ ತೆಂಕು, ಬಡಗು ಹುಟ್ಟಿನಿಂದ ಬಂದ ಮಾತು. ನಮ್ಮ ಮಾರ್ಗವೂ ತೆಂಕು–ಬಡಗಾಗಿಯೇ ಇದೆ: ಕಣ್ಣೂರು ಕಡೆ ತೆಂಕು, ಮಂಗಳೂರು ಕಡೆ ಬಡಗು. ‘ತೆಂಕಿಗೆ ಎರಡು ಡಬ್ಬಿ, ನಿಲ್ಲಿಸಿ, ಬಡಗಿಗೆ ಒಂದು’ ಎಂದರೆ ಹಲಗೆಯ ಯಾವ ಬದಿಯಲ್ಲಿ ನಿಂತವರಿಗೂ ಒಂದೇ ಅರ್ಥ. ‘ಬಿಡಿ’ ಎಂಬ ಆಜ್ಞೆಯನ್ನೂ ತೆಗೆದಿದ್ದೇನೆ. ಗಾಡಿ ಹೊರಡಿಸಿ ಎಂದೂ ಆಗುತ್ತದೆ, ಕೈಬಿಡಿ ಎಂದೂ ಆಗುತ್ತದೆ. ಅದರ ಬದಲು ‘ಹೊರಡಿ’. ‘ಲೈನ್ ಕ್ಲಿಯರ್’ ಹಾಗೆಯೇ ಇರಲಿ, ಎಲ್ಲರಿಗೂ ಗೊತ್ತಿರುವ ಮಾತು.

ಪ್ರತಿ ನಕ್ಷೆಯ ತಲೆಯಲ್ಲಿ ಇನ್ನು ಹೀಗೆ ಬರುತ್ತದೆ: ಪ್ರಮಾಣ 1:43.5, ಹಳಿ ಅಂತರ 32, ಎಡೆ 1.75, ಗಾಲಿಬೆನ್ನು 29.

ಉಳಿದಿರುವುದು ಬೋಗಿ. ಡಬ್ಬಿಯನ್ನು ‘ಬೋಗಿ’ ಎನ್ನುವ ಜನರ ಬಾಯಿಯಿಂದ ಅದನ್ನು ಕಿತ್ತುಕೊಳ್ಳಲು ಆಗದು, ಕಿತ್ತುಕೊಳ್ಳಲೂ ಬಾರದು. ಹಾಗಾದರೆ ಅಡಿಯ ಆ ಚೌಕಟ್ಟಿಗೆ ಏನೆನ್ನೋಣ? ಐಸಿಎಫ್ ಡಬ್ಬಿಯಲ್ಲಿ ಅದರ ಎರಡು ಅಚ್ಚುಗಳ ನಡುವೆ 2896 ಮಿ.ಮೀ., ನಮ್ಮ ಪ್ರಮಾಣದಲ್ಲಿ 66.6. ಸದ್ಯಕ್ಕೆ ‘ಗಾಲಿಚೌಕಟ್ಟು’ ಎಂದು ಬರೆದಿಟ್ಟಿದ್ದೇನೆ. ಬಾಯಿಗೆ ಸ್ವಲ್ಪ ಉದ್ದವಾಯಿತು. ಹೊಸೂರು, ರಾಯದುರ್ಗದ ಕಡೆಯವರು ಇದಕ್ಕೆ ಗಿಡ್ಡ ಪದ ಬಳಸುತ್ತಿದ್ದರೆ ದಯವಿಟ್ಟು ಬರೆಯಿರಿ.